ಎರಡು ಭಾನುವಾರ, ಎರಡು ಹಾಫ್ ಮ್ಯಾರಥಾನ್: ಗೆಳೆಯನಿಗೊಂದು ಪತ್ರ

ಪ್ರೀತಿಯ ಗೆಳೆಯಾ,

ಈ ಭಾನುವಾರ ಒಂದು ಹಾಫ್ (21 ಕಿಲೋಮೀಟರ್ ಓಟ), ಮುಂದಿನ ಭಾನುವಾರ ಇನ್ನೊಂದು. ಎರಡಕ್ಕೂ ಹೆಸರು ಕೊಟ್ಟಾಗಿದೆ, ಓಡಲಾ ಬೇಡವಾ ಅಂತ ಕೇಳಿದ್ದೀಯ. ನೀನು ಓಟ ಹಿಡಿದು ವರ್ಷ ತುಂಬಿಲ್ಲ, ವಾರದ ಓಟ 30 ಕಿಲೋಮೀಟರ್ ದಾಟಿಲ್ಲ. ಹಾಗಾಗಿ ಸುತ್ತಿಬಳಸದೆ ಹೇಳ್ತೀನಿ: ಒಂದನ್ನು ಮಾತ್ರ ರೇಸ್ ಮಾಡು, ಅಂದರೆ ಜೋರಾಗಿ ಓಡು. ಇನ್ನೊಂದಕ್ಕೆ ಹೋಗಲೇಬೇಕು ಅಂದರೆ ಒಳ್ಳೆ ಟೈಮಿಂಗ್‌ನ ಆಸೆ ಬಿಟ್ಟು ಹೋಗು.

ನ್ಯೂಜಿಲೆಂಡಿನ ಜ್ಯಾಕ್ ಫಾಸ್ಟರ್ 1974ರ ಕಾಮನ್‌ವೆಲ್ತ್ ಕ್ರೀಡಾಕೂಟದ ಮ್ಯಾರಥಾನನ್ನು 41ನೇ ವಯಸ್ಸಿನಲ್ಲಿ 2 ಗಂಟೆ 11 ನಿಮಿಷಕ್ಕೆ ಓಡಿ ಬೆಳ್ಳಿ ಗೆದ್ದವರು. ಅವರ ಹೆಸರಿನಲ್ಲಿ ಒಂದು ಲೆಕ್ಕ ಓಟಗಾರರ ಬಾಯಲ್ಲಿ ಇವತ್ತಿಗೂ ಓಡಾಡುತ್ತೆ: ರೇಸ್ ಎಷ್ಟು ಮೈಲಿಯೋ ಅಷ್ಟು ದಿನ ಮತ್ತೆ ಜೋರು ಓಟವಿಲ್ಲ. 10ಕೆ (10 ಕಿಲೋಮೀಟರ್) ಅಂದರೆ ಆರು ಮೈಲಿ ಚಿಲ್ಲರೆ, ಆರು ದಿನ. ಹಾಫ್‌ಗೆ 13, ಫುಲ್ ಮ್ಯಾರಥಾನ್‌ಗೆ 26. ಭಾನುವಾರಗಳ ನಡುವಿನ ಒಂದು ವಾರದಲ್ಲಿ 10ಕೆ ಹೇಗೋ ಹಿಡಿಸುತ್ತೆ, ಹಾಫ್ ಹಿಡಿಸಲ್ಲ. ಅದು ಅನುಭವದ ಅಂದಾಜು, ಪ್ರಯೋಗಶಾಲೆಯ ಸೂತ್ರವಲ್ಲ. ಆದರೂ ಹೊಸಬರಿಗೆ ಇದಕ್ಕಿಂತ ಒಳ್ಳೆ ಅಳತೆಗೋಲು ಕಷ್ಟ.

ನಿನ್ನನ್ನು ಮೋಸಗೊಳಿಸೋದು ಗುರುವಾರ. ಕಾಲು ನೆಲಕ್ಕೆ ಬಿದ್ದಾಗ ತೊಡೆಯ ಮುಂಭಾಗದ ಸ್ನಾಯು ಹಿಗ್ಗುತ್ತಲೇ ಬ್ರೇಕ್ ಹಾಕುತ್ತೆ. ಎರಡೂವರೆ ಗಂಟೆಯ ಹಾಫ್‌ನಲ್ಲಿ ಅಂಥ ಹೆಜ್ಜೆ ಸುಮಾರು 25 ಸಾವಿರ, ಒಂದೊಂದರಲ್ಲೂ ಮೈಭಾರದ ಎರಡು ಮೂರು ಪಟ್ಟು ಹೊರೆ. ಎಳೆಗಳು ಸಣ್ಣಗೆ ಹರಿಯುತ್ತವೆ, ನೋವು ಸೋಮವಾರದಿಂದ ಬುಧವಾರದವರೆಗೆ ಜೋರಾಗಿರುತ್ತೆ. ಮೆಟ್ಟಿಲು ಹತ್ತೋದಕ್ಕಿಂತ ಇಳಿಯೋದೇ ಕಷ್ಟವಾಗೋದು ಇದಕ್ಕೇ. ಗುರುವಾರ ನೋವು ಮಾಯ, ಮೈ ಹಗುರ. ಆದರೆ ಸ್ನಾಯುವಿನ ಬಲ ಅಷ್ಟರಲ್ಲಿ ಪೂರ್ತಿ ಮರಳಿರಲ್ಲ, ಏಟು ತಿಂದ ಸ್ನಾಯುವಿಗೆ ಗ್ಲೈಕೋಜನ್ (ಸ್ನಾಯುವಿನಲ್ಲಿ ಕೂಡಿಟ್ಟ ಇಂಧನ) ತುಂಬಿಕೊಳ್ಳೋದೂ ನಿಧಾನ.

ಮೂಳೆಯ ಕಥೆ ಇನ್ನೂ ನಿಧಾನ. ದಣಿದ ಮೂಳೆಯನ್ನು ದೇಹ ಮೊದಲು ಕೆರೆದು ತೆಗೆಯುತ್ತೆ, ಆಮೇಲೆ ಹೊಸದನ್ನು ಕಟ್ಟುತ್ತೆ. ತೆಗೆಯೋದಕ್ಕೆ ವಾರಗಳು, ಕಟ್ಟೋದಕ್ಕೆ ತಿಂಗಳುಗಳು. ನಡುವಿನ ಕಾಲದಲ್ಲಿ ಆ ಜಾಗ ಮೊದಲಿಗಿಂತ ದುರ್ಬಲ. ಅದಕ್ಕೇ ಎರಡನೇ ರೇಸ್ ಆರಾಮಾಗಿ ಮುಗಿದು, ಎರಡು ಮೂರು ವಾರ ಬಿಟ್ಟು ಕಣಕಾಲು (ಮಂಡಿಯ ಕೆಳಗಿನ ಕಾಲು) ಅಥವಾ ಪಾದದ ಮೂಳೆಯಲ್ಲಿ ಸ್ಟ್ರೆಸ್ ಫ್ರ್ಯಾಕ್ಚರ್ (ಹೊರೆಯಿಂದಾಗುವ ಸಣ್ಣ ಬಿರುಕು) ಕಾಣಿಸಿಕೊಳ್ಳಬಹುದು. ಆಗ ಯಾರೂ ಆ ಭಾನುವಾರವನ್ನು ದೂರಲ್ಲ, ಪಾಪ ಶೂ ಬೈಸಿಕೊಳ್ಳುತ್ತೆ.

ಹಳಬರು ವಾರವಾರ ಓಡ್ತಾರಲ್ಲ ಅಂತೀಯ. ವಾರಕ್ಕೆ 90 ಕಿಲೋಮೀಟರ್ ಓಡುವವರಿಗೆ ಹಾಫ್ ಅಂದರೆ ವಾರದ ಓಟದ ಕಾಲು ಭಾಗವೂ ಅಲ್ಲ. ನಿನಗೆ ಮುಕ್ಕಾಲು ಪಾಲಿಗೆ ಹತ್ತಿರ. ಅವರಲ್ಲೂ ಬಹಳ ಜನ ಎರಡನೆಯದನ್ನು ರೇಸ್ ಮಾಡಿರಲ್ಲ, ಬಿಬ್ (ಎದೆಯ ಮೇಲಿನ ನಂಬರ್ ಚೀಟಿ) ಕಟ್ಟಿಕೊಂಡು ಲಾಂಗ್ ರನ್, ಅಂದರೆ ಅಭ್ಯಾಸದ ಉದ್ದ ಓಟ ಮುಗಿಸಿರ್ತಾರೆ.

ಮೊದಲ ರೇಸ್ ಮುಗಿದ ಮೇಲೆ ಹೀಗೆ ಮಾಡು. ಮೊದಲ ಕೆಲವು ಗಂಟೆ ಗಂಟೆಗೊಮ್ಮೆ ಮೈತೂಕದ ಕಿಲೋಗೆ 1 ಗ್ರಾಂನಷ್ಟು ಕಾರ್ಬೋಹೈಡ್ರೇಟ್, ಜೊತೆಗೆ ಒಂದು ಸಲ 20ರಿಂದ 30 ಗ್ರಾಂ ಪ್ರೋಟೀನ್. ಸೋಮವಾರ, ಮಂಗಳವಾರ 20 ನಿಮಿಷದ ನಡಿಗೆ, ಅಷ್ಟೇ. ಬುಧವಾರ ಅರ್ಧ ಗಂಟೆ ಸೈಕಲ್ಲೋ ಈಜೋ. ಗುರುವಾರ 4 ಕಿಲೋಮೀಟರ್, ಮಾತಾಡಿಕೊಂಡು ಓಡುವಷ್ಟು ನಿಧಾನ.

ಆ ಓಟ ಆದಮೇಲೆ ಪರೀಕ್ಷೆ. ಕಂಬಿ ಹಿಡಿಯದೆ ಮೆಟ್ಟಿಲು ಇಳಿ. ಒಂಟಿ ಕಾಲಲ್ಲಿ ಹಿಮ್ಮಡಿ ಎತ್ತಿ ಇಳಿಸು, ಒಂದೊಂದು ಕಾಲಿಗೆ 20 ಸಲ; ಒಂದು ಕಾಲು 20 ಮುಟ್ಟಿ ಇನ್ನೊಂದು 12ಕ್ಕೇ ಸೋತರೆ ಆ ಮೀನಖಂಡ ಇನ್ನೂ ರಿಪೇರಿಯಲ್ಲಿದೆ. ಆಮೇಲೆ ಕಣಕಾಲಿನ ಮೂಳೆಯ ಒಳ ಅಂಚನ್ನು ಮೇಲಿಂದ ಕೆಳಗೆ ಹೆಬ್ಬೆರಳಿನಿಂದ ಒತ್ತುತ್ತಾ ಬಾ. ಉದ್ದಕ್ಕೂ ಮಂದವಾಗಿ ನೊಂದರೆ ಅದು ಬೇರೆ ಮಾತು; ಒಂದೇ ಕಾಲಲ್ಲಿ, ನಾಣ್ಯದಗಲದ ಒಂದೇ ಜಾಗದಲ್ಲಿ ಚುಳ್ ಅಂದರೆ ಕುಪ್ಪಳಿಸಿ ನೋಡೋಕೂ ಹೋಗಬೇಡ, ಓಟ ನಿಲ್ಲಿಸಿ ಡಾಕ್ಟರಿಗೆ ತೋರಿಸು. ಬೆಳಗ್ಗೆ ಎದ್ದ ತಕ್ಷಣದ ನಾಡಿಬಡಿತ ಮಾಮೂಲಿಗಿಂತ 7-8 ಜಾಸ್ತಿ ಇದ್ದು ಎರಡು ದಿನವಾದರೂ ಇಳಿಯದಿದ್ದರೆ ಅದೂ ಓಡಬೇಡ ಅನ್ನೋ ಸೂಚನೆಯೇ.

ಎಲ್ಲ ಪಾಸಾದರೆ ಎರಡನೇ ಭಾನುವಾರ ಹಿಂದಿನ ಸಾಲಲ್ಲಿ ನಿಲ್ಲು. ಕಿಲೋಮೀಟರಿಗೆ ರೇಸ್ ಪೇಸ್‌ಗಿಂತ (ರೇಸಿನ ವೇಗಕ್ಕಿಂತ) 60ರಿಂದ 90 ಸೆಕೆಂಡ್ ನಿಧಾನ. ನಾಲ್ಕು ನಿಮಿಷ ಓಟ, ಒಂದು ನಿಮಿಷ ನಡಿಗೆ. ಸುಸ್ತಾಗುವವರೆಗೆ ಕಾಯದೆ ಮೊದಲ ಐದು ನಿಮಿಷದಿಂದಲೇ. ಇಳಿಜಾರಲ್ಲಿ ಹೆಜ್ಜೆ ಚಿಕ್ಕದಿರಲಿ. ಕುಂಟು ಶುರುವಾದರೆ ಅಲ್ಲೇ ಬಿಡು. ಕುಂಟುತ್ತಾ ಓಡಿದರೆ ಚೆನ್ನಾಗಿದ್ದ ಕಾಲಿಗೂ ಪೆಟ್ಟು. ನೋವಿನ ಮಾತ್ರೆ ಐಬುಪ್ರೊಫೆನ್ ನುಂಗಿ ಓಡೋದಂತೂ ಬೇಡವೇ ಬೇಡ. ಬೆವರಿ ನೀರಿನಂಶ ಕಡಿಮೆಯಾದಾಗ ಅದು ಮೂತ್ರಪಿಂಡಕ್ಕೆ ಹೊರೆ, ಮೇಲಾಗಿ ನೀನು ಗಮನಿಸಬೇಕಾದ ನೋವನ್ನೇ ಮುಚ್ಚಿಡುತ್ತೆ.

ಇನ್ನೂ ಬದಲಾಯಿಸೋಕೆ ಅವಕಾಶ ಇದ್ದರೆ ಈ ವಾರದ ಹಾಫ್ ಅನ್ನು 10ಕೆ ಮಾಡಿಕೊಂಡು ಮುಂದಿನದನ್ನು ಮನಸಾರೆ ಓಡು. ಚಿಕ್ಕದು ಮೊದಲು, ದೊಡ್ಡದು ಆಮೇಲೆ. ಬದಲಾಗಲ್ಲ ಅಂದರೆ ಗುರುವಾರ ರಾತ್ರಿ ಮೆಟ್ಟಿಲು ಇಳಿದು ನೋಡಿ, ಏನಾಯಿತು ಅಂತ ಬರೆ.

ನಿನ್ನ ಗೆಳೆಯ