ಚಾಸಿ ಕೊಯ್ಯುವ ಮೊದಲು ಕೇಳಲು ಒಂದು ಜಾಗ ಬೇಕು

ಮಾನ್ಯ ಸಂಪಾದಕರೇ,

ಬಳ್ಳಾರಿಯಲ್ಲಿ ಲಾರಿ, ಪಿಕಪ್‌ಗಳಿಗೆ ಬಾಡಿ ಕಟ್ಟುವುದು, ಚಾಸಿ ವೆಲ್ಡಿಂಗ್ ಮಾಡುವುದು ನನ್ನ ಕೆಲಸ. ಚಾಸಿ ಅಂದರೆ ಗಾಡಿಯ ಭಾರವೆಲ್ಲ ಹೊರುವ ಅಡಿಯ ಕಬ್ಬಿಣದ ಚೌಕಟ್ಟು. ಗಣಿ ಜೋರಾಗಿದ್ದ ಕಾಲದಲ್ಲಿ ಸಂಡೂರು, ತೋರಣಗಲ್ಲು ಕಡೆಯ ಟಿಪ್ಪರ್‌ಗಳೇ ಕೈತುಂಬ ಇರುತ್ತಿದ್ದವು. 2011ರಲ್ಲಿ ಸುಪ್ರೀಂ ಕೋರ್ಟ್ ಇಲ್ಲಿನ ಗಣಿಗಾರಿಕೆ ನಿಲ್ಲಿಸಿದ ಮೇಲೆ ನಮ್ಮಂಥ ಎಷ್ಟೋ ಶೆಡ್‌ಗಳು ಸಣ್ಣ ಗಾಡಿಗಳ ಕಡೆ ತಿರುಗಿದವು. ಈಗ ಜಾಸ್ತಿ ಬರುವುದು ಹಳೇ ಪಿಕಪ್‌ಗಳು. ತಂದವರು ರಿಪೇರಿ ಕೇಳುವುದಿಲ್ಲ. "ಚಾಸಿ ಕಟ್ ಮಾಡಿ ನಮಗ ಬೇಕಾದಂಗ ಮಾಡಿಕೊಡ್ರಿ" ಅನ್ನುತ್ತಾರೆ. ಈ ವಿಷಯಕ್ಕೇ ಈ ಪತ್ರ.

ಸಿರುಗುಪ್ಪ, ಕುರುಗೋಡು ಕಡೆಯಿಂದ ಮೆಣಸಿನಕಾಯಿ ಸಾಗಿಸುವವರು ಗಾಡಿಯ ಹಿಂಭಾಗ ಎರಡು ಅಡಿ ಉದ್ದ ಮಾಡಿಸಲು ಬರುತ್ತಾರೆ. ಒಣ ಮೆಣಸಿನಕಾಯಿ ತೂಕ ಕಡಿಮೆ, ಹಿಡಿಯುವ ಜಾಗ ಜಾಸ್ತಿ. ಬ್ಯಾಡಗಿ ಮಾರ್ಕೆಟ್‌ಗೆ ಹೋಗಿಬರುವ ಡೀಸೆಲ್ ಖರ್ಚು ಹೆಚ್ಚುಕಮ್ಮಿ ಅಷ್ಟೇ ಇರುವಾಗ ಇನ್ನೊಂದಿಷ್ಟು ಚೀಲ ಹಿಡಿದರೆ ಅವರಿಗೆ ಲಾಭ. ಅವರ ಲೆಕ್ಕ ನನಗೆ ಅರ್ಥವಾಗುತ್ತದೆ. ಆದರೆ ಸೀಸನ್ ಮುಗಿದ ಮೇಲೆ ಅದೇ ಗಾಡಿಗೆ ಭತ್ತ, ಸಿಮೆಂಟು, ಕಬ್ಬಿಣದ ಸರಳು ಹೇರುತ್ತಾರಲ್ಲ, ಅಪಾಯ ಇರುವುದೇ ಅಲ್ಲಿ.

ಬೆಂಚಿನ ತುದಿಗೆ ದಪ್ಪ ಆಳು ಕೂತರೆ ಇನ್ನೊಂದು ತುದಿ ಎದ್ದೇಳುತ್ತೆ, ಅಲ್ವಾ? ಹಿಂದಿನ ಆಕ್ಸಲ್ (ಎರಡು ಚಕ್ರ ಜೋಡಿಸುವ ಅಚ್ಚು) ಆಚೆ ಭಾರ ಬಿದ್ದರೆ ಗಾಡಿಗೆ ಆಗುವುದೂ ಅದೇ. ಮುಂದಿನ ಚಕ್ರಗಳ ಮೇಲೆ ಭಾರ ಕಡಿಮೆಯಾಗುತ್ತದೆ. ಸ್ಟೇರಿಂಗ್ ಹಗುರಾಗುತ್ತದೆ, ಬ್ರೇಕ್ ಹಿಡಿದರೆ ಮುಂದಿನ ಟೈರು ಜಾರುತ್ತದೆ. ಕೇಂದ್ರ ಮೋಟಾರು ವಾಹನ ನಿಯಮಗಳ 93ನೇ ನಿಯಮ ಇದಕ್ಕೇ ಒಂದು ಮಿತಿ ಹಾಕಿದೆ. ಹಿಂದಿನ ಆಕ್ಸಲ್‌ನಿಂದಾಚೆ ಚಾಚಿಕೊಂಡ ಭಾಗ, ಎರಡು ಆಕ್ಸಲ್‌ಗಳ ನಡುವಿನ ಅಂತರದ ಶೇ 60 ದಾಟಬಾರದು. ಎಲ್ಲರ ಹತ್ತಿರವೂ ಟೇಪ್ ಇದೆ, ಈ ನಿಯಮ ಗೊತ್ತಿರುವವರು ಮಾತ್ರ ಕಡಿಮೆ.

ಎರಡನೇ ಥರದವರು ನಮ್ಮ ಹುಡುಗರು. ಹಳೇ ಪಿಕಪ್ ಕೊಂಡು ಮಿರ್ಚಿ-ಮಂಡಕ್ಕಿ ಗಾಡಿ ಮಾಡಬೇಕು, ಇಲ್ಲಾ ಹಂಪಿ ಕಡೆ ಮಲಗಲಿಕ್ಕೆ ಜಾಗ ಇರುವಂಥ ಗಾಡಿ ಮಾಡಬೇಕು ಅಂತ ಅವರಿಗೆ ಆಸೆ. ಅದು ಒಳ್ಳೇ ಆಸೆಯೇ. ಗುಜರಿಗೆ ಹೋಗುವ ಗಾಡಿ ಒಂದು ಮನೆಗೆ ದುಡಿಮೆ ಆಗುತ್ತದೆ ಅಂದರೆ ನನಗೆ ಖುಷಿ. ಮೊನ್ನೆ ಒಬ್ಬ ಬಂದಿದ್ದ. ನೆಲ ತಗ್ಗಾಗಬೇಕು, ಗಿರಾಕಿಗೆ ತಟ್ಟೆ ಕೈಗೆ ಸಿಗಬೇಕು, ಅದಕ್ಕೆ ಹಿಂದಿನ ಆಕ್ಸಲ್ ಮೇಲೆ ಚಾಸಿಯನ್ನು ಕಮಾನಿನಂತೆ ಕೊಯ್ದು ಗಾಡಿ ಇಳಿಸಿಕೊಡು ಅಂದ. ಮೊಬೈಲಿನಲ್ಲಿ ವಿಡಿಯೊನೂ ತೋರಿಸಿದ.

"ತಮ್ಮಾ, ಮೊದಲು ಕಬ್ಬಿಣ ಏನು ಹೇಳ್ತದೋ ನೋಡೋಣ" ಅಂದೆ.

ಹಿಂದಿನ ಸ್ಪ್ರಿಂಗ್ ಪಟ್ಟಿಯ ಮುಂದಿನ ಹ್ಯಾಂಗರ್, ಅಂದರೆ ಆ ಪಟ್ಟಿಯನ್ನು ಚಾಸಿಗೆ ಹಿಡಿದಿಡುವ ಕೊಂಡಿಯ ಹತ್ತಿರ ಬಣ್ಣ, ತುಕ್ಕು ಎಲ್ಲ ವೈರ್ ಬ್ರಷ್‌ನಿಂದ ಉಜ್ಜಿ ತೆಗೆದೆ. ಸೀಮೆಎಣ್ಣೆ ಸವರಿ ಸ್ವಲ್ಪ ಹೊತ್ತು ಬಿಟ್ಟೆ. ಬಟ್ಟೆಯಿಂದ ಚೆನ್ನಾಗಿ ಒರೆಸಿ ಸೀಮೆಸುಣ್ಣದ ಪುಡಿ ಹಚ್ಚಿದೆ. ನೋಡನೋಡುತ್ತಲೇ ಬಿಳೀ ಪುಡಿಯ ಮೇಲೆ ತೇವದ ಗೆರೆ ಮೂಡಿತು. ಬಿರುಕಿದ್ದರೆ ಎಣ್ಣೆ ಒಳಗೆ ಇಳಿದಿರುತ್ತದೆ, ಆಮೇಲೆ ಪುಡಿ ಅದನ್ನು ಹೊರಗೆ ಎಳೆಯುತ್ತದೆ. ಗೆರೆ ಹೊರಟಿದ್ದು ಚಾನೆಲ್‌ನ (ಚಾಸಿಯ ಉದ್ದನೆಯ ತೊಲೆಯ) ಕೆಳಗಿನ ಅಂಚಿನಲ್ಲಿ ಹಿಂದೆ ಯಾರೋ ಕೊರೆದಿದ್ದ ಒಂದು ತೂತಿನಿಂದ. ಹುಡುಗ ಮಾತಾಡಲಿಲ್ಲ. ಆ ಗೆರೆಯ ಮೇಲೆ ಬೆರಳಾಡಿಸಿದ.

ಪಿಕಪ್‌ನ ಚಾಸಿ ಅಂದರೆ ಎರಡು ಉದ್ದನೆಯ ಚಾನೆಲ್, ನಡುನಡುವೆ ಅಡ್ಡಪಟ್ಟಿಗಳು. ಚಾನೆಲ್‌ನ ಮೇಲಿನ, ಕೆಳಗಿನ ಅಂಚುಗಳೇ ಹೆಚ್ಚು ಎಳೆತ ತಾಳುವುದು. ನಡುವೆ ನಿಂತಿರುವ ಭಾಗಕ್ಕೆ ಅಷ್ಟು ಒತ್ತಡ ಇಲ್ಲ. ತೂತು ಬೇಕೇ ಬೇಕು ಅಂದರೆ ಆ ನಿಂತ ಭಾಗದಲ್ಲೇ, ಅಂಚಿನಿಂದ ದೂರ ಕೊರೆಯಬೇಕು. ಅಂಚಿನಲ್ಲಿ ಕೊರೆದರೆ ಬಿರುಕಿಗೆ ನಾವೇ ದಾರಿ ಮಾಡಿಕೊಟ್ಟ ಹಾಗೆ. ವೆಲ್ಡಿಂಗ್ ಕಥೆಯೂ ಅಷ್ಟೇ. ಅಡ್ಡಕ್ಕೆ ನೇರ ಕೊಯ್ದು, ಮೇಲೆ ಚೌಕ ಪಟ್ಟಿ ಇಟ್ಟು ಸುತ್ತ ವೆಲ್ಡ್ ಹೊಡೆದರೆ ನೋಡಲಿಕ್ಕೆ ಗಟ್ಟಿ ಕಾಣುತ್ತದೆ. ಆದರೆ ಪಟ್ಟಿ ಮುಗಿಯುವ ಜಾಗದಲ್ಲೇ ಚಾಸಿ ಬಿರುಕು ಬಿಡುತ್ತದೆ. ಪಟ್ಟಿಯ ತುದಿ ಓರೆಯಾಗಿ ಸಣ್ಣಗಾಗುತ್ತ ಹೋಗಬೇಕು. ಗೇಟು, ಗ್ರಿಲ್‌ಗೆ ಬಳಸುವ 6013 ನಂಬರಿನ ವೆಲ್ಡಿಂಗ್ ರಾಡ್ ಇಲ್ಲಿ ಸಾಲದು. ಒಣಗಿಸಿಟ್ಟ 7018 ರಾಡ್ ಬೇಕು. ವೆಲ್ಡಿಂಗ್‌ಗೆ ಮೊದಲು ಬ್ಯಾಟರಿ ಕೇಬಲ್ ಬಿಚ್ಚಬೇಕು, ಇಲ್ಲದಿದ್ದರೆ ಆಲ್ಟರ್ನೇಟರ್ ಸುಡಬಹುದು. ಹೊಸ ಗಾಡಿಯಾದರೆ ಇಂಜಿನ್ನಿನ ಕಂಪ್ಯೂಟರ್ ಕೂಡ ಹೋಗಬಹುದು. ಚಾಸಿ ನಂಬರ್ ಕೆತ್ತಿರುವ ಜಾಗದ ಹತ್ತಿರವಂತೂ ಕಟರ್, ಗ್ರೈಂಡರ್ ಸುಳಿಯಲೇಬಾರದು. ನಾಳೆ ಪೆನ್ಸಿಲ್ ಉಜ್ಜಿ ನಂಬರಿನ ಪ್ರಿಂಟ್ ತೆಗೆಯುವಾಗ ಒಂದು ಅಂಕಿ ಮಸುಕಾಗಿದ್ದರೂ ಗಾಡಿ ಮೇಲೆಯೇ ಅನುಮಾನ ಬರುತ್ತದೆ.

ಕಾಯ್ದೆ ಇನ್ನೂ ಬಿಗಿಯಾಗಿದೆ. ಮೋಟಾರು ವಾಹನ ಕಾಯ್ದೆ 1988ರ 52ನೇ ಕಲಂ ಪ್ರಕಾರ, ಕಂಪನಿ ಕೊಟ್ಟ ವಿವರಕ್ಕೂ ಆರ್‌ಸಿಗೂ (ನೋಂದಣಿ ಪತ್ರಕ್ಕೂ) ತಾಳೆಯಾಗದಂತೆ ಗಾಡಿ ಬದಲಾಯಿಸುವ ಹಾಗಿಲ್ಲ. 2019ರ ಜನವರಿಯಲ್ಲಿ ಸುಪ್ರೀಂ ಕೋರ್ಟ್ ಕೂಡ ಇದನ್ನೇ ಎತ್ತಿ ಹಿಡಿದಿದೆ. ಅದೇ ವರ್ಷದ ತಿದ್ದುಪಡಿಯಲ್ಲಿ ಬಂದ 182ಎ ಕಲಂ ಪ್ರಕಾರ, ಅನುಮತಿ ಇಲ್ಲದ ಒಂದೊಂದು ಬದಲಾವಣೆಗೂ ಮಾಲೀಕನಿಗೆ 5,000 ರೂಪಾಯಿ ದಂಡ, ಇಲ್ಲವೇ ಆರು ತಿಂಗಳವರೆಗೆ ಜೈಲು, ಅಥವಾ ಎರಡೂ ಆಗಬಹುದು. ಅಪಘಾತ ಆದರೆ ಇನ್ಶೂರೆನ್ಸ್ ಕಂಪನಿ ಇದನ್ನೇ ಮುಂದಿಟ್ಟು ಹಣ ಕೊಡದೇ ಇರಬಹುದು. ನನ್ನ ಹತ್ತಿರ ಬರುವ ಬಹಳಷ್ಟು ಮಂದಿಗೆ ಇದರಲ್ಲಿ ಒಂದೂ ಗೊತ್ತಿರುವುದಿಲ್ಲ.

ಕಾಯ್ದೆಯೇ ಬೇಡ ಅಂದಮೇಲೆ ಕೇಳುವುದೇನು ಅಂತ ಕೆಲವರು ಅನ್ನಬಹುದು. ಕೇಳಿದರೆ ತಾನೇ ಕೊಯ್ಯದೇ ಆಗುವ ದಾರಿ ಗೊತ್ತಾಗುವುದು? ಆ ಹುಡುಗನಿಗೆ ನಾನು ಹೇಳಿದ್ದು ಅದನ್ನೇ. ಈ ಚಾಸಿ ಬೇಡ, ಗಟ್ಟಿ ಚಾಸಿ ಇರುವ ಗಾಡಿ ಹುಡುಕು. ಅದರ ಮೇಲೆ ಬೇರೆ ಸಬ್‌ಫ್ರೇಮ್, ಅಂದರೆ ಬಾಡಿ ಹೊರುವ ಇನ್ನೊಂದು ಚೌಕಟ್ಟು ಕೂರಿಸಿ, ನಡುವೆ ಮರದ ಪಟ್ಟಿ ಕೊಟ್ಟು, ಚಾಸಿಯನ್ನು ಸುತ್ತಿ ಹಿಡಿಯುವ ಯು-ಬೋಲ್ಟ್‌ನಿಂದ ಬಿಗಿಯೋಣ. ಚಾಸಿಗೆ ಒಂದು ತೂತೂ ಬೀಳುವುದಿಲ್ಲ. ತಟ್ಟೆ ಕೈಗೆ ಸಿಗಬೇಕಾದರೆ ಪಕ್ಕಕ್ಕೆ ಮಡಚುವ ಕಟ್ಟೆ, ಕೆಳಗೆ ಒಂದು ಮೆಟ್ಟಿಲು ಸಾಕು. ಬಾಡಿ ಬದಲಿಸಲಿಕ್ಕೂ ಆರ್‌ಟಿಒ ಅನುಮತಿ ಬೇಕು, ಪತ್ರ ತಂದ ದಿನವೇ ಕೆಲಸ ಶುರು ಅಂದೆ. "ಯಾರನ್ನ ಕೇಳಬೇಕಣ್ಣಾ?" ಅಂದ.

ಅದಕ್ಕೆ ಸಾರಿಗೆ ಇಲಾಖೆಗೆ ನನ್ನ ಬೇಡಿಕೆ ಇದು. ಬಳ್ಳಾರಿ, ರಾಯಚೂರು, ಕೊಪ್ಪಳ ಮೂರೂ ಕಡೆ ವಾರಕ್ಕೊಂದು ದಿನ ಇಂಥವರು ಬಂದು ಕೇಳಲಿಕ್ಕೆ ಅವಕಾಶ ಮಾಡಿಕೊಡಿ. ಒಬ್ಬ ಮೋಟಾರು ವಾಹನ ನಿರೀಕ್ಷಕರು, ಪಾಲಿಟೆಕ್ನಿಕ್‌ನ ಒಬ್ಬ ಮೆಕ್ಯಾನಿಕಲ್ ಮೇಷ್ಟ್ರು ಕೂತರೆ ಸಾಕು. ಹುಡುಗರು ಕೈಯಲ್ಲಿ ಬಿಡಿಸಿದ ನಕ್ಷೆ ತರಲಿ. ಆಗುವುದಿದ್ದರೆ ಆಗುತ್ತದೆ ಅನ್ನಿ, ಆಗದಿದ್ದರೆ ಯಾಕೆ ಆಗದು ಅಂತ ಹೇಳಿ. ಏನು ಮಾಡಬಹುದು, ಏನು ಮಾಡಬಾರದು ಅಂತ ಕನ್ನಡದಲ್ಲಿ ಒಂದು ಹಾಳೆ ಬರೆದು ನಮ್ಮ ಶೆಡ್‌ಗಳಿಗೆ ಕೊಡಿ, ಗೋಡೆಗೆ ಅಂಟಿಸುತ್ತೇವೆ.

ಇನ್ನೊಂದು ಮಾತು. ಎಂಟು ವರ್ಷ ದಾಟಿದ ಸರಕು ಗಾಡಿಗಳು ಪ್ರತಿ ವರ್ಷ ಎಫ್‌ಸಿಗೆ, ಅಂದರೆ ಓಡಿಸಲು ಯೋಗ್ಯವೇ ಎಂಬ ಪರೀಕ್ಷೆಗೆ ಬರುತ್ತವೆ. ಚಾಸಿಗೆ ಕಪ್ಪು ಬಣ್ಣ ಬಳಿದಿದ್ದರೆ ಹಳೇ ವೆಲ್ಡಿಂಗ್ ಕಣ್ಣಿಗೆ ಬೀಳುವುದಿಲ್ಲ. ಹಿಂದಿನ ಹ್ಯಾಂಗರ್ ಹತ್ತಿರ ಅಂಗೈಯಗಲ ಬಣ್ಣ ಕೆರೆಸಿ ನೋಡಿ, ಸೀಮೆಸುಣ್ಣದ ಪುಡಿಗೆ ಖರ್ಚು ಏನೂ ಇಲ್ಲ.

ಇಂತಿ,
ಒಬ್ಬ ಬಾಡಿ ಕಟ್ಟುವ ಕೆಲಸಗಾರ, ಬಳ್ಳಾರಿ