ಶೆರಿಫ್ ಎಂದರೆ ನಮ್ಮ ಎಸ್‌ಪಿ ಅಲ್ಲ

ಮಾನ್ಯರೇ,

ಪೊಲೀಸ್ ಅಧಿಕಾರಿಗಳು ರಾಜಕೀಯಕ್ಕೆ ಇಳಿಯುವ ಬಗ್ಗೆ ನಿಮ್ಮ ಪತ್ರಿಕೆಯಲ್ಲಿ ಬಂದ ಲೇಖನ ಓದಿದೆ. ಅಮೆರಿಕದ ಶೆರಿಫ್‌ಗಳು ಶಾಸಕರಾಗುವುದನ್ನೂ ಲೇಖಕರು ಅದೇ ಸಾಲಿಗೆ ಸೇರಿಸಿದ್ದಾರೆ. ಕೊಲೊರಾಡೊದಲ್ಲಿ ಇರುವ ನನಗೆ ಆ ಹೋಲಿಕೆ ಸರಿ ಕಾಣಲಿಲ್ಲ.

ನಮ್ಮ ಕಡೆ ಎಸ್‌ಪಿ ಚುನಾವಣೆಗೆ ನಿಲ್ಲಬೇಕಾದರೆ ಮೊದಲು ಖಾಕಿ ಬಿಚ್ಚಿಡಬೇಕು. ಶೆರಿಫ್ ಕೆಲಸಕ್ಕೆ ಸೇರುವುದೇ ಮತ ಗೆದ್ದು. ಪಕ್ಷದ ಟಿಕೆಟ್, ಪ್ರಚಾರ, ಚಂದಾ ಎತ್ತುವುದು ಎಲ್ಲ ಇದೆ. ಕೌಂಟಿಯ (ನಮ್ಮ ಜಿಲ್ಲೆ ಇದ್ದ ಹಾಗೆ) ಜೈಲು, ಕೋರ್ಟ್ ನೋಟಿಸ್, ಹಳ್ಳಿಗಾಡಿನ ಗಸ್ತು ಅವರ ಜವಾಬ್ದಾರಿ. ಎತ್ತಂಗಡಿಯ ಭಯ ಇಲ್ಲ. ಕೊಲೊರಾಡೊದ 64 ಕೌಂಟಿಗಳಲ್ಲಿ 62ರಲ್ಲಿ ಹೀಗೆಯೇ. (ನಾನಿರುವ ಡೆನ್ವರ್‌ನಲ್ಲಿ ಮೇಯರ್ ನೇಮಿಸುತ್ತಾರೆ. ಆ ಗದ್ದಲದಿಂದ ನಾವು ಪಾರು.) ಹಾಗಾಗಿ ಶೆರಿಫ್ ರಾಜಕೀಯಕ್ಕೆ 'ಬರುವುದು' ಅಂತೇನಿಲ್ಲ, ಮೊದಲಿಂದಲೂ ಅಲ್ಲೇ ಇರುತ್ತಾರೆ.

ಜಾನ್ ಕುಕ್ ಅವರನ್ನೇ ನೋಡಿ. ವೆಲ್ಡ್ ಕೌಂಟಿಗೆ 2003ರಿಂದ ಮೂರು ಅವಧಿ ಶೆರಿಫ್ ಆಗಿದ್ದವರು, ರಿಪಬ್ಲಿಕನ್. 2012ರ ಜುಲೈನಲ್ಲಿ ಅರೋರಾದ ಚಿತ್ರಮಂದಿರದಲ್ಲಿ ಒಬ್ಬ ಗುಂಡು ಹಾರಿಸಿ 12 ಜನರನ್ನು ಕೊಂದ. ಮರುವರ್ಷ ರಾಜ್ಯ ಸರ್ಕಾರ 15ಕ್ಕಿಂತ ಜಾಸ್ತಿ ಗುಂಡು ಹಿಡಿಯುವ ಮ್ಯಾಗಝಿನ್‌ಗಳ (ಬಂದೂಕಿಗೆ ಸಿಕ್ಕಿಸುವ ಗುಂಡಿನ ಡಬ್ಬಿ) ಮಾರಾಟ ನಿಲ್ಲಿಸಿತು. ಹಳೆಯವನ್ನು ಇಟ್ಟುಕೊಳ್ಳಬಹುದಿತ್ತು. ಕುಕ್ ಇದನ್ನು ಜಾರಿ ಮಾಡುವುದಿಲ್ಲ ಎಂದು ಬಹಿರಂಗವಾಗಿಯೇ ಹೇಳಿದರು. ಭಾಷಣಗಳಲ್ಲಿ 30 ಗುಂಡಿನ ಎರಡು ಮ್ಯಾಗಝಿನ್ ಎತ್ತಿ ತೋರಿಸುತ್ತಿದ್ದರು. ಒಂದು, ಕಾಯ್ದೆ ಜಾರಿಗೆ ಬಂದ ಜುಲೈ 1ಕ್ಕೆ ಮೊದಲೇ ತನ್ನ ಹತ್ತಿರ ಇದ್ದದ್ದು, ಇನ್ನೊಂದು ಬಹುಶಃ ಆಮೇಲೆ ಬಂದದ್ದು ಅನ್ನುತ್ತಿದ್ದರು. ಎರಡನ್ನೂ ಅದಲುಬದಲು ಮಾಡಿ, ಈಗ ಯಾವುದು ಯಾವುದು ಅಂತ ಪೊಲೀಸರಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳುತ್ತಿದ್ದರು.

ಪ್ರಶ್ನೆಯೇನೋ ಚೆನ್ನಾಗಿಯೇ ಇದೆ. ನನಗೂ ಉತ್ತರ ಹೊಳೆಯುವುದಿಲ್ಲ. ಆದರೆ ಅದನ್ನು ಕೇಳಬೇಕಾದದ್ದು ಶಾಸನಸಭೆಯಲ್ಲಿ, ಎದೆಯ ಮೇಲೆ ಬ್ಯಾಡ್ಜ್ ಇಟ್ಟುಕೊಂಡು ಅಲ್ಲ. ಯಾವ ಕಾಯ್ದೆ ನಡೆಸಬೇಕು, ಯಾವುದನ್ನು ಬಿಡಬೇಕು ಅಂತ ಶೆರಿಫ್ ತಾವೇ ತೀರ್ಮಾನಿಸಿದರೆ ಉಳಿದವರು ಆರಿಸಿ ಕಳಿಸಿದ ಸಭೆಗೆ ಏನು ಬೆಲೆ ಉಳಿಯಿತು? ಕುಕ್ ಜೊತೆ 50ಕ್ಕೂ ಹೆಚ್ಚು ಶೆರಿಫ್‌ಗಳು ಫೆಡರಲ್ ಕೋರ್ಟಿಗೆ ಹೋದರು. ಶೆರಿಫ್ ಎಂಬ ಹುದ್ದೆಯ ಹೆಸರಿನಲ್ಲಿ ದಾವೆ ಹೂಡಲಾಗದು ಎಂದಿತು ಕೋರ್ಟ್. 2014ರಲ್ಲಿ ಕಾಯ್ದೆಯನ್ನೂ ಎತ್ತಿಹಿಡಿಯಿತು.

ಅದೇ ವರ್ಷ ನವೆಂಬರ್‌ನಲ್ಲಿ ಕುಕ್ ರಾಜ್ಯ ಸೆನೆಟ್‌ಗೆ, ಅಂದರೆ ಶಾಸನಸಭೆಯ ಮೇಲ್ಮನೆಗೆ, ಗೆದ್ದರು. ಆ ಜಗಳದಿಂದ ಸಿಕ್ಕ ಹೆಸರು ಕೈಹಿಡಿಯಿತು ಎಂದೇ ನನ್ನ ಅನಿಸಿಕೆ. ಆದರೆ ನನ್ನ ಲೆಕ್ಕದಲ್ಲಿ ಅವರು ಮಾಡಿದ ಸರಿಯಾದ ಕೆಲಸವೂ ಇದೇ. ಅಲ್ಲಿ 35 ಸದಸ್ಯರು, ಅವರದು ಒಂದೇ ಮತ. ಅವರ ಪಕ್ಷಕ್ಕೆ 18–17ರ ಬಹುಮತ ಇದ್ದಾಗ ಮ್ಯಾಗಝಿನ್ ಮಿತಿ ತೆಗೆಯುವ ಮಸೂದೆ ಸೆನೆಟ್ ದಾಟಿತು, ಕೆಳಮನೆಯಲ್ಲಿ ಬಿತ್ತು. ಮಿತಿ ಇವತ್ತಿಗೂ ಇದೆ. ಅವರು ಎಂಟು ವರ್ಷ ಅಲ್ಲಿದ್ದು, ಕೊನೆಗೆ ವಿರೋಧ ಪಕ್ಷದ ನಾಯಕರೂ ಆದರು.

2019ರಲ್ಲಿ, ಅಪಾಯಕಾರಿ ಎನಿಸಿದವರಿಂದ ಕೋರ್ಟ್ ಆದೇಶದ ಮೇಲೆ ಬಂದೂಕು ತೆಗೆದಿಡುವ ಮಸೂದೆ ಬಂತು. ವೆಲ್ಡ್‌ನಲ್ಲಿ ಕುಕ್ ನಂತರ ಶೆರಿಫ್ ಆದ ಸ್ಟೀವ್ ರೀಮ್ಸ್, ಇದನ್ನು ಜಾರಿ ಮಾಡುವ ಬದಲು ನನ್ನದೇ ಜೈಲಿನಲ್ಲಿ ಕೂರಲೂ ಸಿದ್ಧ ಎಂದರು. ಟಿವಿಯವರು ಓಡಿಬಂದರು. ಕುಕ್ ಅದೇ ಮಸೂದೆಯ ವಿರುದ್ಧ ಸೆನೆಟ್‌ನಲ್ಲಿ ಮತ ಹಾಕಿದರು, 18–17ರಲ್ಲಿ ಸೋತರು. ಇಬ್ಬರ ಅಭಿಪ್ರಾಯವನ್ನೂ ನಾನು ಒಪ್ಪುವುದಿಲ್ಲ. ಆದರೆ ಕುಕ್ ಸೋತ ರೀತಿಯ ಬಗ್ಗೆ ನನಗೆ ಯಾವ ತಕರಾರೂ ಇಲ್ಲ.

– ಒಬ್ಬ ಓದುಗ, ಡೆನ್ವರ್, ಕೊಲೊರಾಡೊ