ರಕ್ತದಲ್ಲಿ ಕಡಿಮೆ, ಮೂತ್ರದಲ್ಲಿ ಜಾಸ್ತಿ: ಎರಡೂ ಅದೇ ಅಲ್ಬುಮಿನ್

ಸಂಪಾದಕರಿಗೆ ನಮಸ್ಕಾರ.

ನಾನು ಇಪ್ಪತ್ತೆರಡು ವರ್ಷದಿಂದ ಲ್ಯಾಬ್ ಟೆಕ್ನಿಷಿಯನ್. ರಿಪೋರ್ಟ್ ತಗೊಂಡು ಹೋಗುವವರು ಕೌಂಟರ್ ಹತ್ತಿರ ನಿಂತು ನೂರೆಂಟು ಪ್ರಶ್ನೆ ಕೇಳುತ್ತಾರೆ. ಅದರಲ್ಲಿ ಒಂದು ಮಾತ್ರ ಮನೆಗೆ ಬಂದ ಮೇಲೂ ತಲೆಯಲ್ಲಿ ಕೂತಿರುತ್ತದೆ. "ಮೇಡಂ, ಅಲ್ಬುಮಿನ್ ಕಡಿಮೆ ಅಂತ ಬಂದಿದೆ, ಮೊಟ್ಟೆ ತಿಂದರೆ ಸರಿಹೋಗುತ್ತಾ?" ಅವರ ಕೈಯಲ್ಲಿರುವ ರಿಪೋರ್ಟಿನ ಎರಡನೇ ಹಾಳೆ ತಿರುಗಿಸಿದರೆ ಮೂತ್ರದ ಪರೀಕ್ಷೆ ಇರುತ್ತದೆ, ಅಲ್ಲಿ ಅಲ್ಬುಮಿನ್ ಮುಂದೆ ಮೂರು ಪ್ಲಸ್. ಮೊದಲನೇ ಹಾಳೆಯಲ್ಲಿ ಕಡಿಮೆ, ಎರಡನೇ ಹಾಳೆಯಲ್ಲಿ ಜಾಸ್ತಿ. ಇವು ಬೇರೆ ಬೇರೆ ವಸ್ತು ಅಂತಲೇ ತುಂಬಾ ಜನ ತಿಳಿದಿದ್ದಾರೆ. ಅಲ್ಲ. ರಕ್ತದಲ್ಲಿ ಇರಬೇಕಾದದ್ದೇ ಮೂತ್ರಕ್ಕೆ ಸೋರಿ ಹೋಗುತ್ತಿದೆ.

ಈ ಅಲ್ಬುಮಿನ್ ಅನ್ನುವುದು ನಮ್ಮ ಲಿವರ್ ತಯಾರಿಸುವ ಪ್ರೋಟೀನ್. ದಿನಕ್ಕೆ ಸುಮಾರು 10ರಿಂದ 15 ಗ್ರಾಂ ತಯಾರಾಗುತ್ತದೆ. ರಕ್ತದ ತಿಳಿಭಾಗದಲ್ಲಿರುವ ಪ್ರೋಟೀನಿನಲ್ಲಿ ಅರ್ಧಕ್ಕಿಂತ ಜಾಸ್ತಿ ಇದೇ. 100 ಮಿಲಿಗೆ 3.5ರಿಂದ 5 ಗ್ರಾಂ ಇದ್ದರೆ ಸರಿಯಾಗಿದೆ ಅಂತ ಲೆಕ್ಕ. ಇದರ ದೊಡ್ಡ ಕೆಲಸ ನೀರನ್ನು ರಕ್ತನಾಳದ ಒಳಗೇ ಹಿಡಿದಿಟ್ಟುಕೊಳ್ಳುವುದು. ಮಾವಿನಕಾಯಿ ಹೋಳಿಗೆ ಉಪ್ಪು ಬೆರೆಸಿಟ್ಟರೆ ಬೆಳಗಾಗುವಷ್ಟರಲ್ಲಿ ಜಾಡಿಯಲ್ಲಿ ನೀರು ಬಿಟ್ಟಿರುತ್ತದಲ್ವಾ, ಹೋಳಿನೊಳಗಿನ ನೀರನ್ನು ಉಪ್ಪು ಎಳೆದುಕೊಂಡಿರುತ್ತದೆ. ರಕ್ತದಲ್ಲಿ ಹಾಗೆ ನೀರನ್ನು ತನ್ನ ಕಡೆ ಎಳೆದುಕೊಳ್ಳುವುದು ಅಲ್ಬುಮಿನ್. ಅದು ತುಂಬಾ ಇಳಿದರೆ ನೀರು ನಾಳದಿಂದ ಹೊರಗೆ ಜಿನುಗಿ ಕಾಲು, ಹೊಟ್ಟೆ, ಕಣ್ಣಿನ ಸುತ್ತ ಸೇರಿಕೊಳ್ಳುತ್ತದೆ. ಕಿಡ್ನಿ ಕೆಟ್ಟಾಗ ಅದು ಉಪ್ಪನ್ನೂ ಹೊರಗೆ ಬಿಡದೆ ಇಟ್ಟುಕೊಳ್ಳುವುದರಿಂದ ಊತ ಇನ್ನೂ ಜಾಸ್ತಿಯಾಗುತ್ತದೆ.

ಇನ್ನೊಂದು ಕೆಲಸ ಸಾಗಣೆ. ಕೊಬ್ಬಿನ ಆಮ್ಲ, ಹಾರ್ಮೋನು, ನಾವು ನುಂಗುವ ಎಷ್ಟೋ ಮಾತ್ರೆಯ ಔಷಧಿ ಇದಕ್ಕೆ ಅಂಟಿಕೊಂಡೇ ಮೈಯೆಲ್ಲ ಓಡಾಡುವುದು. ಹುಟ್ಟಿದ ಮಗುವಿಗೆ ಕಾಮಾಲೆ ಬಂದಾಗ ಹಳದಿ ಬಣ್ಣದ ಬಿಲಿರುಬಿನ್ ಮೆದುಳಿಗೆ ಹೋಗದ ಹಾಗೆ ಹಿಡಿದುಕೊಳ್ಳುವುದೂ ಇದೇ. ರಕ್ತದ ಕ್ಯಾಲ್ಸಿಯಂನಲ್ಲಿ ಸುಮಾರು 40 ಪರ್ಸೆಂಟ್ ಪ್ರೋಟೀನಿಗೆ, ಅದರಲ್ಲೂ ಹೆಚ್ಚಾಗಿ ಅಲ್ಬುಮಿನ್‌ಗೆ ಅಂಟಿಕೊಂಡಿರುತ್ತದೆ. ಹಾಗಾಗಿ ಅಲ್ಬುಮಿನ್ ಇಳಿದವರ ರಿಪೋರ್ಟಿನಲ್ಲಿ ಕ್ಯಾಲ್ಸಿಯಂ ಕೂಡ ಕಡಿಮೆ ಕಾಣುತ್ತದೆ. ಅಂಟಿಕೊಳ್ಳದೆ ಬಿಡಿಯಾಗಿ ಕೆಲಸ ಮಾಡುವ ಕ್ಯಾಲ್ಸಿಯಂ ಸರಿಯಾಗಿಯೇ ಇರಬಹುದು, ಆದರೂ ಅದನ್ನು ನೋಡಿ ಸುಮ್ನೆ ಕ್ಯಾಲ್ಸಿಯಂ ಮಾತ್ರೆ ಶುರು ಮಾಡಿಕೊಂಡವರನ್ನೂ ನೋಡಿದ್ದೇನೆ. ಫಿಟ್ಸ್‌ಗೆ ಕೊಡುವ ಫೆನಿಟಾಯಿನ್ ಮಾತ್ರೆಯ ವಿಷಯ ಇದಕ್ಕಿಂತ ಸೂಕ್ಷ್ಮ. ಅಲ್ಬುಮಿನ್ ಕಡಿಮೆ ಇದ್ದಾಗ ಅಂಟಿಕೊಳ್ಳದೆ ಬಿಡಿಯಾಗಿ ಉಳಿಯುವ ಔಷಧಿಯ ಪಾಲು ಹೆಚ್ಚುತ್ತದೆ. ರಿಪೋರ್ಟಿನಲ್ಲಿ ಔಷಧಿಯ ಮಟ್ಟ ಸರಿಯಾಗಿದ್ದರೂ ರೋಗಿಗೆ ತಲೆ ಸುತ್ತು, ತೂರಾಟ ಬರಬಹುದು.

ನಮ್ಮ ಚಿಕ್ಕಪ್ಪನ ವಿಷಯ ಬರೆಯಲೇಬೇಕು. ಅವರಿಗೆ ಶುಗರ್ ಬಂದು ಹನ್ನೆರಡು ವರ್ಷ. ತಿಂಗಳಿಗೊಮ್ಮೆ ಹತ್ತಿರದ ಪೇಟೆಗೆ ಹೋಗಿ, ಖಾಲಿ ಹೊಟ್ಟೆಯಲ್ಲಿ ಒಂದು, ತಿಂಡಿ ಆದ ಮೇಲೆ ಒಂದು ಅಂತ ಎರಡು ಶುಗರ್ ಮಾಡಿಸಿ, ಮಾತ್ರೆ ಬರೆಸಿಕೊಂಡು ಬರುತ್ತಿದ್ದರು. ಒಂದು ದಿನವೂ ತಪ್ಪಿಸಿದವರಲ್ಲ. ಆಮೇಲೆ ಕಾಲು ಊದಿಕೊಳ್ಳಲು ಶುರುವಾಯಿತು. ರಕ್ತ ಪರೀಕ್ಷೆಯಲ್ಲಿ ಅಲ್ಬುಮಿನ್ 2.3 ಬಂತು. "ಶಕ್ತಿ ಇಲ್ಲ, ಮೊಟ್ಟೆಯ ಬಿಳಿ ತಿನ್ನಿ, ಪ್ರೋಟೀನ್ ಪೌಡರ್ ಕುಡಿಯಿರಿ" ಅಂದರಂತೆ. ಚಿಕ್ಕಮ್ಮ ದಿನಾ ಆರು ಮೊಟ್ಟೆ ಬೇಯಿಸಿ, ಹಳದಿ ತೆಗೆದು, ಬಿಳಿಗೆ ಮೆಣಸಿನ ಪುಡಿ ಹಾಕಿ ಕೊಟ್ಟರು. ಇದು ಏಳು ತಿಂಗಳು ನಡೆಯಿತು, ನನಗೆ ಗೊತ್ತೇ ಇರಲಿಲ್ಲ.

ಹಬ್ಬಕ್ಕೆ ಊರಿಗೆ ಹೋದಾಗ ನೋಡಿದೆ. ಚಪ್ಪಲಿ ಬಿಟ್ಟರೆ ಪಾದದ ಮೇಲೆ ಪಟ್ಟಿಯ ಅಚ್ಚು ಹಾಗೇ ಕೂತಿತ್ತು. ಮೊಳಕಾಲಿನ ಕೆಳಗೆ ಮೂಳೆಯ ಮೇಲೆ ಹೆಬ್ಬೆರಳು ಒತ್ತಿ ತೆಗೆದರೆ ಗುಳಿ ಬಿದ್ದು, ನಾನು ಎದ್ದು ನೀರು ಕುಡಿದು ಬರುವವರೆಗೂ ತುಂಬಿರಲಿಲ್ಲ. "ಮೂತ್ರದಲ್ಲಿ ನೊರೆ ಬರುತ್ತಾ ಚಿಕ್ಕಪ್ಪಾ?" ಅಂತ ಕೇಳಿದೆ. "ಸೋಪಿನ ನೊರೆ ಥರ ಬರುತ್ತಮ್ಮ, ಒಂದು ವರ್ಷದಿಂದ. ಅದನ್ನೆಲ್ಲ ಡಾಕ್ಟರ ಹತ್ತಿರ ಹೇಗೆ ಹೇಳೋದು" ಅಂದರು. ಹನ್ನೆರಡು ವರ್ಷದಲ್ಲಿ ಒಂದೇ ಒಂದು ಸಲವೂ ಅವರ ಮೂತ್ರ ಪರೀಕ್ಷೆ ಆಗಿರಲಿಲ್ಲ. ಮಾರನೇ ದಿನ ನಾನೇ ಸ್ಯಾಂಪಲ್ ತಗೊಂಡು, ಪ್ರೋಟೀನ್ ಇದ್ದರೆ ಬಣ್ಣ ಬದಲಾಗುವ ಪರೀಕ್ಷೆಯ ಪಟ್ಟಿ ಅದ್ದಿದೆ. ಹಳದಿ ಚೌಕ ನೋಡನೋಡುತ್ತಲೇ ಕಡು ಹಸಿರಾಯಿತು. 24 ಗಂಟೆಯ ಮೂತ್ರ ಹಿಡಿದು ಅಳೆದಾಗ 6 ಗ್ರಾಂ ಪ್ರೋಟೀನ್. ಕಿಡ್ನಿ ಕೆಟ್ಟಷ್ಟೂ ರಕ್ತದಲ್ಲಿ ಏರುವ ಕ್ರಿಯಾಟಿನಿನ್ ಆಗಲೇ 2.1 ಆಗಿತ್ತು.

ಆರು ಮೊಟ್ಟೆ ತಿಂದರೂ ಯಾಕೆ ಏರಲಿಲ್ಲ ಅಂತ ಚಿಕ್ಕಮ್ಮ ಕಣ್ಣೀರು ಹಾಕಿಕೊಂಡು ಕೇಳಿದರು. ಮೊಟ್ಟೆಯ ಬಿಳಿಯಲ್ಲಿರುವುದು ಬೇರೆ ಪ್ರೋಟೀನ್, ಹೆಸರು ಮಾತ್ರ ಹತ್ತಿರದ್ದು. ಅದು ಹೊಟ್ಟೆಯಲ್ಲಿ ಜೀರ್ಣವಾಗಿ ಚೂರು ಚೂರಾಗುತ್ತದೆ, ನೇರವಾಗಿ ರಕ್ತದ ಅಲ್ಬುಮಿನ್ ಆಗುವುದಿಲ್ಲ. ಜೊತೆಗೆ ಕಿಡ್ನಿಯ ಜರಡಿ ಹರಿದಿರುವಾಗ ಪ್ರೋಟೀನ್ ಜಾಸ್ತಿ ತಿಂದಷ್ಟೂ ಸೋರುವುದೂ ಜಾಸ್ತಿ, ಕಿಡ್ನಿಯ ಮೇಲೆ ಭಾರವೂ ಜಾಸ್ತಿ. ಚಿಕ್ಕಮ್ಮ ಪ್ರೀತಿಯಿಂದ ಮಾಡಿದ್ದೇ ಅವರಿಗೆ ತೊಂದರೆ ಕೊಟ್ಟಿತು ಅಂತ ಅವರೆದುರು ನನಗೆ ಹೇಳಲಾಗಲಿಲ್ಲ.

ಅಲ್ಬುಮಿನ್ ಇಳಿದವರೆಲ್ಲ ಸರಿಯಾಗಿ ಊಟ ಮಾಡದವರು ಅನ್ನುವ ಲೆಕ್ಕವೇ ಹಳೆಯದು. ಕಿಡ್ನಿಯಲ್ಲಿ ಸೋರಬಹುದು, ಲಿವರ್ ತಯಾರಿಸದೇ ಇರಬಹುದು, ಜೋರು ಸೋಂಕು ಅಥವಾ ಉರಿಯೂತ ಇದ್ದರೂ ಇಳಿಯುತ್ತದೆ. ಪೌಷ್ಟಿಕತೆ ಅಳೆಯಲು ಇದನ್ನು ಬಳಸಬೇಡಿ ಅಂತ ಅಮೆರಿಕದ ಪೌಷ್ಟಿಕತಾ ತಜ್ಞರ ಸಂಘವೇ ಹೇಳಿಯಾಗಿದೆ.

ನಾನು ಕಲಿಯುವಾಗ ಪಟ್ಟಿ ಎಲ್ಲ ಕಡೆ ಸಿಗುತ್ತಿರಲಿಲ್ಲ. ಟೆಸ್ಟ್ ಟ್ಯೂಬಿನಲ್ಲಿ ಮುಕ್ಕಾಲು ಭಾಗ ಮೂತ್ರ ತುಂಬಿ, ಓರೆ ಹಿಡಿದು, ಮೇಲಿನ ಭಾಗವನ್ನು ಮಾತ್ರ ಸ್ಪಿರಿಟ್ ದೀಪದ ಮೇಲೆ ಕಾಯಿಸುತ್ತಿದ್ದೆವು. ಮೋಡ ಕಟ್ಟಿದ ಹಾಗೆ ಬಿಳಿ ಬಂದರೆ ಎರಡು ಮೂರು ಹನಿ ಅಸಿಟಿಕ್ ಆಸಿಡ್ ಬಿಡಬೇಕು. ಮೋಡ ಕರಗಿದರೆ ಅದು ಫಾಸ್ಫೇಟ್, ಉಳಿದರೆ ಅಲ್ಬುಮಿನ್. ಲಂಡನ್ನಿನ ಗೈಸ್ ಆಸ್ಪತ್ರೆಯ ರಿಚರ್ಡ್ ಬ್ರೈಟ್ ಅನ್ನುವ ಡಾಕ್ಟರು ಇದನ್ನೇ ಚಮಚದಲ್ಲಿ ಮೂತ್ರ ಹಾಕಿ ಮೇಣದ ಬತ್ತಿಯ ಮೇಲೆ ಹಿಡಿದು ಮಾಡುತ್ತಿದ್ದರು. ಮೈ ಊದಿಕೊಂಡವರ ಮೂತ್ರ ಕಾಯಿಸಿದರೆ ಹೆಪ್ಪುಗಟ್ಟುತ್ತದೆ, ಅವರ ಕಿಡ್ನಿ ಕೆಟ್ಟಿರುತ್ತದೆ ಅಂತ ಅವರು 1827ರಲ್ಲೇ ಬರೆದಿಟ್ಟರು. ಸುಮಾರು 200 ವರ್ಷದ ಹಿಂದಿನ ಮಾತು ಇದು. ಒಂದು ಚಮಚ, ಒಂದು ಮೇಣದ ಬತ್ತಿಯಲ್ಲಿ ಆಗುತ್ತಿದ್ದದ್ದು ನಮ್ಮ ಚಿಕ್ಕಪ್ಪನಿಗೆ ಹನ್ನೆರಡು ವರ್ಷ ಆಗಲಿಲ್ಲ ಅಂದಾಗ ನನಗೆ ಆದ ಸಂಕಟ ಹೇಳತೀರದು.

ಲಿವರ್ ಕೆಟ್ಟು ಹೊಟ್ಟೆಯಲ್ಲಿ ನೀರು ತುಂಬಿದವರ ಮನೆಯವರು ಅಲ್ಬುಮಿನ್ ಬಾಟಲಿಗಾಗಿ ಮೆಡಿಕಲ್ ಶಾಪಿಂದ ಶಾಪಿಗೆ ಓಡುವುದನ್ನೂ ನೋಡುತ್ತಿರುತ್ತೇನೆ. ಅದು ದಾನಿಗಳ ರಕ್ತದಿಂದ ಬೇರ್ಪಡಿಸಿ ತೆಗೆಯುವ ಔಷಧಿ, ಒಂದೊಂದು ಬಾಟಲಿಗೆ ಸಾವಿರಗಟ್ಟಲೆ ರೂಪಾಯಿ. ಹೊಟ್ಟೆಯಿಂದ 5 ಲೀಟರಿಗಿಂತ ಜಾಸ್ತಿ ನೀರು ತೆಗೆದಾಗ, ಲೀಟರಿಗೆ 6ರಿಂದ 8 ಗ್ರಾಂ ಲೆಕ್ಕದಲ್ಲಿ ಕೊಡುವುದು ನಿಜವಾಗಿ ಬೇಕಾದದ್ದು. ಆ ನೀರಿಗೆ ಸೋಂಕು ತಗುಲಿದಾಗಲೂ ಬೇಕು. ಆದರೆ ರಿಪೋರ್ಟಿನಲ್ಲಿ ನಂಬರ್ ಏರಿಸುವುದಕ್ಕೆ ಅಂತಲೇ ದಿನಾ ಹಾಕಿದರೆ ಪ್ರಯೋಜನ ಕಾಣಲಿಲ್ಲ ಅಂತ 2021ರಲ್ಲಿ ಪ್ರಕಟವಾದ ಬ್ರಿಟನ್ನಿನ ದೊಡ್ಡ ಅಧ್ಯಯನ ಹೇಳಿದೆ. ಒಡವೆ ಅಡ ಇಡುವ ಮೊದಲು "ಇದು ಯಾಕೆ ಬೇಕು ಸಾರ್" ಅಂತ ಡಾಕ್ಟರನ್ನು ಒಂದು ಮಾತು ಕೇಳುವುದರಲ್ಲಿ ತಪ್ಪಿಲ್ಲ.

ನಿಮ್ಮ ಪತ್ರಿಕೆಯಲ್ಲಿ ಶುಗರ್ ಬಗ್ಗೆ ಆಗಾಗ ಬರುತ್ತದೆ. ಏನು ತಿನ್ನಬೇಕು, ಎಷ್ಟು ನಡೆಯಬೇಕು, ಎಲ್ಲಾ ಇರುತ್ತದೆ. ದಯವಿಟ್ಟು ಮೂತ್ರದ ಅಲ್ಬುಮಿನ್ ಬಗ್ಗೆಯೂ ಬರೆಯಿರಿ. ಶುಗರ್ ಇರುವವರು ವರ್ಷಕ್ಕೆ ಒಂದು ಸಲವಾದರೂ "ಅಲ್ಬುಮಿನ್-ಕ್ರಿಯಾಟಿನಿನ್ ರೇಷಿಯೋ" ಪರೀಕ್ಷೆ ಮಾಡಿಸಬೇಕು. ಲ್ಯಾಬಿನಲ್ಲಿ ಎಸಿಆರ್ ಅಂದರೆ ಸಾಕು, ಗೊತ್ತಾಗುತ್ತದೆ. ಬೆಳಗಿನ ಮೊದಲ ಮೂತ್ರ ಒಂದು ಸಣ್ಣ ಡಬ್ಬಿಯಲ್ಲಿ ತಂದರೆ ಆಯಿತು, ಸೂಜಿ ಚುಚ್ಚುವುದೂ ಇಲ್ಲ. ಒಂದು ಗ್ರಾಂ ಕ್ರಿಯಾಟಿನಿನ್‌ಗೆ ಅಲ್ಬುಮಿನ್ 30 ಮಿಲಿಗ್ರಾಂಗಿಂತ ಕಡಿಮೆ ಇದ್ದರೆ ಸರಿ. 30ರಿಂದ 300ರ ಒಳಗೆ ಇದ್ದರೆ ಸೋರಿಕೆ ಶುರುವಾಗಿದೆ ಅಂತ ಅರ್ಥ, ಆ ಹಂತದಲ್ಲಿ ಕಾಲು ಊದುವುದಿಲ್ಲ, ನೊರೆಯೂ ಇರುವುದಿಲ್ಲ, ಮಾಮೂಲಿ ಪಟ್ಟಿಯೂ ಎಷ್ಟೋ ಸಲ ಹಿಡಿಯುವುದಿಲ್ಲ. ಅಲ್ಲೇ ಸಿಕ್ಕಿಬಿದ್ದರೆ ರಾಮಿಪ್ರಿಲ್, ಟೆಲ್ಮಿಸಾರ್ಟಾನ್ ಥರದ ಮಾತ್ರೆ, ಈಗ ಬಂದಿರುವ ಡಾಪಾಗ್ಲಿಫ್ಲೋಜಿನ್, ಬಿಪಿ ಹತೋಟಿ, ಇವುಗಳಿಂದ ಸೋರಿಕೆ ತಗ್ಗಿಸಲು ಆಗುತ್ತದೆ. ಯಾವುದು ಯಾರಿಗೆ ಅನ್ನುವುದು ಡಾಕ್ಟರ್ ನೋಡಿ ಹೇಳಬೇಕು. ಜ್ವರ ಇದ್ದಾಗ, ಉರಿ ಮೂತ್ರ ಇದ್ದಾಗ, ಜೋರಾಗಿ ವ್ಯಾಯಾಮ ಮಾಡಿದ ಮರುದಿನ ಸುಮ್ನೆ ಜಾಸ್ತಿ ತೋರಿಸಬಹುದು, ಹಾಗಾಗಿ ಒಂದೇ ಸಲಕ್ಕೆ ಗಾಬರಿಯಾಗದೆ ಇನ್ನೆರಡು ಸಲ ನೋಡಬೇಕು.

ಚಿಕ್ಕ ಮಕ್ಕಳ ತಾಯಂದಿರಿಗೂ ಒಂದು ಮಾತು. ಬೆಳಗ್ಗೆ ಎದ್ದಾಗ ಮಗುವಿನ ಕಣ್ಣಿನ ಸುತ್ತ ದಿನಾ ಊದಿಕೊಂಡಿದ್ದರೆ ನಿದ್ದೆ ಜಾಸ್ತಿ ಆಯಿತು, ಸೊಳ್ಳೆ ಕಚ್ಚಿತು ಅಂತ ಬಿಡಬೇಡಿ. ಮೂತ್ರ ತೋರಿಸಿ. ಮಕ್ಕಳಲ್ಲಿ ಬರುವ ಇಂಥ ಸೋರಿಕೆಯಲ್ಲಿ ಬಹಳಷ್ಟು ಸ್ಟೀರಾಯ್ಡ್ ಮಾತ್ರೆಗೆ ಬಗ್ಗುತ್ತದೆ. ಮತ್ತೆ ಮತ್ತೆ ಮರುಕಳಿಸುವುದರಿಂದ ಮನೆಯಲ್ಲೇ ಪಟ್ಟಿ ಅದ್ದಿ ನೋಟ್‌ಬುಕ್ಕಿನಲ್ಲಿ ಬರೆದಿಡುವುದನ್ನು ತಾಯಂದಿರಿಗೆ ಕಲಿಸುತ್ತಾರೆ, ಓದು ಬರಹ ಕಡಿಮೆ ಇರುವವರೂ ಬಣ್ಣ ನೋಡಿ ಚೆನ್ನಾಗಿ ಗುರುತು ಮಾಡುತ್ತಾರೆ.

ಚಿಕ್ಕಪ್ಪ ಈಗ ಕಿಡ್ನಿ ಡಾಕ್ಟರ ಹತ್ತಿರ ತೋರಿಸುತ್ತಿದ್ದಾರೆ. ಉಪ್ಪು ಕಡಿಮೆ ಮಾಡಿದ್ದಾರೆ, ಪೌಡರ್ ನಿಲ್ಲಿಸಿದ್ದಾರೆ, ಊತ ಅರ್ಧ ಇಳಿದಿದೆ. ಕ್ರಿಯಾಟಿನಿನ್ ಮಾತ್ರ 2ರ ಹತ್ತಿರವೇ ನಿಂತಿದೆ. ಮೊನ್ನೆ ಫೋನ್ ಮಾಡಿ, ಪಕ್ಕದ ಮನೆಯ ಶುಗರ್ ಇರುವ ಇಬ್ಬರನ್ನು ಡಬ್ಬಿ ಸಮೇತ ನಮ್ಮ ಲ್ಯಾಬಿಗೆ ಕಳಿಸುತ್ತಿದ್ದೇನೆ ಅಂದರು.

ಇಂತಿ,
ಲ್ಯಾಬ್ ಟೆಕ್ನಿಷಿಯನ್ ಒಬ್ಬರು, ಹಾಸನ ಜಿಲ್ಲೆ